ಕಾಶಿಬಾಯಿ ಹೊಲಿದ ನಕ್ಷತ್ರ

"ಹನ್ನೊಂದು ಸೆಕೆಂಡ್!"

ಸ್ಟಾಪ್‌ವಾಚ್ ಹಂಸಿನಿಯ ಮೂಗಿನ ಮುಂದೆಯೇ ಬಂದು ನಿಂತಿತು. ಅದನ್ನು ಹಿಡಿದಿದ್ದವನು ಸೈನ್ಯದ ಸಮವಸ್ತ್ರದಲ್ಲಿದ್ದ. ಎತ್ತರದ ಆಳು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಈ ಪ್ಯಾಕೆಟ್ ಹರಿಯೋಕೆ ನನಗೆ ಹನ್ನೊಂದು ಸೆಕೆಂಡ್ ಬೇಕಾಯಿತು, ಮ್ಯಾಡಮ್. ರಕ್ತ ಸುರಿಯುತ್ತಿರೋ ಮನುಷ್ಯನ ಹತ್ತಿರ ಅಷ್ಟು ಹೊತ್ತು ಇರೋದಿಲ್ಲ" ಎಂದ ಇಂಗ್ಲಿಷಿನಲ್ಲಿ.

ಸುತ್ತ ನಿಂತಿದ್ದ ಇಪ್ಪತ್ತು ಜನ ಉಸಿರು ಬಿಗಿಹಿಡಿದರು. ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ಆ ಕಾರ್ಖಾನೆಯಲ್ಲಿ ಹಂಸಿನಿಗೆ ಎದುರು ಮಾತಾಡುವ ಧೈರ್ಯ ಮ್ಯಾನೇಜರಿಗೂ ಇರಲಿಲ್ಲ! ಗಾಯದ ರಕ್ತ ನಿಲ್ಲಿಸುವ ಬ್ಯಾಂಡೇಜು ತಯಾರಾಗುತ್ತಿದ್ದದ್ದು ಅಲ್ಲಿ. ಕಡಲಾಚೆ ಯುದ್ಧ ಶುರುವಾದ ಮೇಲೆ ಒಂದು ಶಿಫ್ಟ್ ಇದ್ದದ್ದು ಮೂರಾಗಿತ್ತು. ಹಂಸಿನಿಯ ಶಿಫ್ಟಿನ ಒಂದೊಂದು ಪೆಟ್ಟಿಗೆಯೂ ಅವಳು ಪರೀಕ್ಷೆ ಮಾಡಿ ಸೈ ಎಂದ ಮೇಲೆಯೇ ಹೊರಗೆ ಹೋಗಬೇಕು. ಮೈಸೂರಿನ ಹುಡುಗಿ, ಇಪ್ಪತ್ತೊಂಬತ್ತು ವರ್ಷ. ಕೆಲಸದಲ್ಲಿ ತಪ್ಪು ಹುಡುಕುವುದು ಅವಳ ಕೆಲಸವೇ ಹೊರತು, ಅವಳ ಕೆಲಸದಲ್ಲಿ ಬೇರೆಯವರು ತಪ್ಪು ಹುಡುಕುವುದಲ್ಲ.

"ಎಲ್ಲ ಟೆಸ್ಟ್ ಪಾಸಾಗಿದೆ. ನಿಮಗೆ ಹರಿಯೋಕೆ ಬರಲಿಲ್ಲ ಅಂದರೆ ನಾನೇನು ಮಾಡಲಿ?"

ಅವನು ಒಂದು ಜೊತೆ ಗ್ಲವ್ಸ್ ಕೊಟ್ಟ. ಅವಳು ಹಾಕಿಕೊಂಡ ಮೇಲೆ, ಕೈ ತೊಳೆಯುವ ಸೋಪನ್ನು ಅವುಗಳ ಮೇಲೆ ಧಾರಾಳವಾಗಿ ಸುರಿದ.

"ರಕ್ತ ಹೀಗೇ ಜಾರುತ್ತೆ. ಈಗ ನೀವು ಹರೀರಿ."

ಹಂಸಿನಿ ಎಳೆದಳು. ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು. ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದಾಗ ಗಡಿಯಾರ ಹದಿನಾಲ್ಕು ತೋರಿಸುತ್ತಿತ್ತು.

"ನಿಮ್ಮ ಪೇಶಂಟ್ ಹೋಗಿಬಿಟ್ಟ" ಎಂದ ಅವನು ಮೆಲ್ಲಗೆ.

ಅವಮಾನದಿಂದ ಅವಳ ಕಿವಿ ಕೆಂಪಾಯಿತು. "ಕತ್ತೆ! ಎಷ್ಟು ಕೊಬ್ಬು ನೋಡು ಇವನಿಗೆ..." ಎಂದು ಕನ್ನಡದಲ್ಲಿ ಗೊಣಗಿಕೊಂಡಳು.

"ಕತ್ತಿ ಅನ್ರಿ, ಕೋಣ ಅನ್ರಿ, ನಡೀತದ. ಪ್ಯಾಕೆಟ್ ಅಷ್ಟು ಸರಿ ಮಾಡ್ರಿ" ಎಂದಿತು ಅಪ್ಪಟ ಧಾರವಾಡದ ಕನ್ನಡ.

ಅಯ್ಯೋ ದೇವರೇ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಭೂಮಿ ಅಂಥ ಉಪಕಾರಗಳನ್ನೆಲ್ಲ ಮಾಡುವುದಿಲ್ಲ, ಬಿಡಿ.

ಅವನ ಹೆಸರು ಅತುಲ್. ಬ್ಯಾಂಡೇಜು ಬಳಸಿ ನೋಡಿ ಹೇಳಲೆಂದು ಕಂಪನಿಯೇ ಅವನನ್ನು ಕರೆಸಿತ್ತು. ವಾರವೆಲ್ಲ ಆಂಬ್ಯುಲೆನ್ಸಿನಲ್ಲಿ ಕೆಲಸ. ಜೊತೆಗೆ ನ್ಯಾಷನಲ್ ಗಾರ್ಡ್ ಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಸೈನಿಕ. ಕರೆ ಬಂದ ದಿನ ಹೊರಡಲೇಬೇಕು.

ಕೋಪ ಎಷ್ಟಿದ್ದರೂ ಅವನು ಹೇಳಿದ್ದು ನಿಜ ಎಂದು ಹಂಸಿನಿಗೆ ಗೊತ್ತಿತ್ತು. ಮೂರು ವಾರ ಮ್ಯಾನೇಜರಿನ ತಲೆ ತಿಂದು, ಪ್ಯಾಕೆಟ್ಟಿನ ಎರಡೂ ಅಂಚಿಗೆ ಆಳವಾದ ಕಚ್ಚು ಹಾಕಿಸಿದಳು. ಅತುಲನನ್ನು ಮತ್ತೆ ಕರೆಸಿದಳು. ಸೋಪು ಸುರಿದ ಗ್ಲವ್ಸ್‌ನಲ್ಲಿ ಅವನು ಎಳೆದ... ಎರಡೇ ಸೆಕೆಂಡ್!

ಅವನು ಮೊದಲ ಸಲ ನಕ್ಕ.

'ನಗೋಕೂ ಬರುತ್ತೆ ಇವನಿಗೆ' ಎಂದುಕೊಂಡಳು ಹಂಸಿನಿ. ಆಮೇಲೆ ಇಡೀ ದಿನ ಆ ನಗುವೇ ಕಣ್ಣ ಮುಂದೆ. ಇದೇನು ಗ್ರಹಚಾರವೋ!

"ನಮ್ಮ ಅಜ್ಜಿ ಶನಿವಾರ ನಿಮ್ಮನ್ನ ಮನಿಗೆ ಕರ್ಕೊಂಡ ಬಾ ಅಂದಾಳ" ಎಂದ ಅವನು ಹೊರಡುವಾಗ.

"ನಾನು ನಿಮ್ಮ ಅಜ್ಜಿಗೆ ಹೇಗೆ ಗೊತ್ತು?"

"ನನಗ ಕತ್ತಿ ಅಂದಾಕಿ ಯಾರಂತ ನೋಡಬೇಕಂತ."

ಪಕ್ಕದ ಊರು ಕೆಂಡಲ್ ಪಾರ್ಕಿನ ಆ ಮನೆಯಲ್ಲಿ ಇದ್ದದ್ದು ಅತುಲ್ ಮತ್ತು ಅವನ ಅಜ್ಜಿ ಕಾಶಿಬಾಯಿ, ಇಬ್ಬರೇ. ಅವನ ಅಪ್ಪ ಅಮ್ಮ ಟೆಕ್ಸಸ್‌ನಲ್ಲಿ. "ಅಲ್ಲಿ ಸೆಕಿ, ಇಲ್ಲಿ ಥಂಡಿ. ಮೊಮ್ಮಗ ಇದ್ದಲ್ಲಿ ನಾನು" ಎಂದು ಎಂಬತ್ತರ ಅಜ್ಜಿ ಇಲ್ಲೇ ಬೇರೂರಿದ್ದರು. ಪ್ರತಿ ಶನಿವಾರ ಅವರ ಊಟದ ಮೇಜಿನ ಸುತ್ತ ಐದಾರು ಕನ್ನಡದ ಹೆಂಗಸರು ಸೇರಿ ಸೈನಿಕರಿಗೆ ಪೆಟ್ಟಿಗೆ ಕಟ್ಟುತ್ತಿದ್ದರು. ಕಾಲುಚೀಲ, ಕಾಫಿಪುಡಿ, ತುಟಿಗೆ ಹಚ್ಚುವ ಮುಲಾಮು, ಬಿಸ್ಕತ್ತು. ಎಲ್ಲರ ಕಣ್ಣು ತಪ್ಪಿಸಿ ಅಜ್ಜಿ ಪ್ರತಿ ಪೆಟ್ಟಿಗೆಯ ತಳಕ್ಕೂ ಒಂದೊಂದು ಶೇಂಗಾ ಚಟ್ನಿಪುಡಿಯ ಪೊಟ್ಟಣ ಸೇರಿಸುತ್ತಿದ್ದರು.

"ಅಜ್ಜಿ, ಒಳಗೆ ಏನೇನಿದೆ ಅಂತ ಫಾರ್ಮ್‌ನಲ್ಲಿ ಬರೀಬೇಕು. ಇದನ್ನ ಏನಂತ ಬರೀಲಿ?" ಎಂದಳು ಹಂಸಿನಿ.

"ಔಷಧ ಅಂತ ಬರಿ! ಆ ಬಿಳೇ ಹುಡುಗ್ರಿಗೂ ಬಾಯಿಗೆ ರುಚಿ ಬ್ಯಾಡೇನು?"

ಅತುಲ್ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ. ಅವಳು ತಲೆ ಎತ್ತಿದಾಗಲೆಲ್ಲ ಅವನು ಅವಳನ್ನೇ ನೋಡುತ್ತಿರುತ್ತಿದ್ದ.

ಒಂದು ಶನಿವಾರ ಎರಡಾಯಿತು, ಎರಡು ಎಂಟಾಯಿತು. 'ನೀವು' ಹೋಗಿ 'ನೀನು' ಬಂತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವುದಕ್ಕೆ ಬೇಕಾದಷ್ಟು ಸಮಯ ಇದೆಯಲ್ಲ ಎಂದುಕೊಂಡಿದ್ದರು, ಪೆದ್ದು ಮುಂಡೇವು!

ಮಾರ್ಚಿನಲ್ಲಿ ಅತುಲನಿಗೆ ಕರೆ ಬಂತು. ಹತ್ತು ದಿನ ಗಡುವು.

ಹೊರಡುವ ಮುಂಚಿನ ಭಾನುವಾರ ಇಬ್ಬರೂ ರೈಲು ಹತ್ತಿ ಫ್ಲಶಿಂಗ್‌ನ ದೇವಸ್ಥಾನಕ್ಕೆ ಹೋದರು. ಗಣಪತಿಗೆ ಅರ್ಚನೆ ಮಾಡಿಸಿ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತೆಗೆದುಕೊಂಡು ಕೂತರು. ಹಂಸಿನಿ ಆ ದಿನ ಹೇಳಿಬಿಡಬೇಕು ಅಂತಲೇ ಬಂದಿದ್ದಳು. ಮಾತು ನಾಲಗೆ ತುದಿಯಲ್ಲೇ ಇತ್ತು... 'ಎಷ್ಟು ದಿನ ಆದರೂ ಸರಿ, ನಾನು ಕಾಯ್ತೀನಿ.'

ಅಷ್ಟರಲ್ಲಿ ಅವನೇ ಬಾಯಿ ತೆಗೆದ.

"ಹಂಸಿನಿ, ಒಂದ ಮಾತು. ನೀ ನನ್ನ ಸಲುವಾಗಿ ಕಾಯಬ್ಯಾಡ."

ಅವಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಏನಂದೆ?"

"ಕಾಯಬ್ಯಾಡ ಅಂದೆ. ನಿನ್ನ ಜೀವನ ನಿಂದು. ಅದು ನಿಲ್ಲಬಾರದು."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನ ಕಣ್ಣು ತುಂಬಿದ್ದು ಅವಳಿಗೆ ಕಾಣುತ್ತಿತ್ತು. ಕಾಣಲಿಲ್ಲವಲ್ಲ!

'ಅಂದ್ರೆ... ಇವನಿಗೆ ನಾನು ಬೇಡ. ಶನಿವಾರದ ಗೆಳತಿ ಅಷ್ಟೇ ನಾನು.'

ಹಂಸಿನಿಯ ಬಾಯಿ ಮಾತ್ರ ಹುಟ್ಟಿದಾಗಿನಿಂದ ಸೋತದ್ದೇ ಇಲ್ಲ.

"ಕಾಯ್ತೀನಿ ಅಂತ ಯಾರು ಹೇಳಿದ್ರು ನಿಂಗೆ? ನಂಗೇನು ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದು ನಕ್ಕುಬಿಟ್ಟಳು.

ವಾಪಸ್ ರೈಲಿನಲ್ಲಿ, ಇಳಿಯಬೇಕಾದ ಪ್ರಿನ್ಸ್‌ಟನ್ ಜಂಕ್ಷನ್ ಬರುವವರೆಗೂ ಅಕ್ಕಪಕ್ಕ ಕೂತರು. ಅವನು ಕಿಟಕಿಯ ಹೊರಗೆ ನೋಡಿದ, ಅವಳು ಫೋನ್ ನೋಡಿದಳು.

ಅವನು ಹೋದ. ಅವಳು ಬೀಳ್ಕೊಡಲು ಹೋಗಲಿಲ್ಲ. ಶನಿವಾರ ಕೆಂಡಲ್ ಪಾರ್ಕಿಗೆ ಹೋಗುವುದನ್ನೂ ನಿಲ್ಲಿಸಿದಳು.

ಕೆಲಸ ಮಾತ್ರ ನಿಲ್ಲಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಆರು ದಿನ. ಪ್ರತಿ ಪೆಟ್ಟಿಗೆಯೊಳಗೂ ಪರೀಕ್ಷೆ ಮಾಡಿದವರ ನಂಬರಿನ ಚೀಟಿ ಹಾಕುವುದು ಅಲ್ಲಿನ ಪದ್ಧತಿ. ಹಂಸಿನಿಯದು ಹದಿನಾಲ್ಕು. ಮೊದಲೆಲ್ಲ ಒಂದು ಸಲ ನೋಡುತ್ತಿದ್ದ ಪ್ಯಾಕೆಟ್ಟನ್ನು ಈಗ ಎರಡು ಸಲ ನೋಡುತ್ತಿದ್ದಳು. 'ಇದು ಅವನ ಕೈಗೇ ಹೋದರೆ? ಅವನಿಗೇ ಬೇಕಾದರೆ?' ಎನ್ನುವ ಯೋಚನೆ ಬಂದ ಕೂಡಲೇ ಮೂರನೇ ಸಲ ನೋಡುತ್ತಿದ್ದಳು.

ಪಕ್ಕದ ಟೇಬಲ್ಲಿನ ಲೊರೇನ್ ಎಲ್ಲವನ್ನೂ ಗಮನಿಸುತ್ತಿದ್ದಳು. ಅರವತ್ತು ದಾಟಿದ ಅಮೆರಿಕನ್ ಹೆಂಗಸು, ಹತ್ತು ಮಾತಿಗೆ ಒಂದು ಮಾತಾಡುವವಳು. ಅವಳ ಕೋಟಿನ ಮೇಲೆ ಸದಾ ಒಂದು ಪುಟ್ಟ ಬಂಗಾರದ ಬಣ್ಣದ ನಕ್ಷತ್ರ.

"ನಿನ್ನವರು ಯಾರಾದರೂ ಅಲ್ಲಿದ್ದಾರಾ?" ಎಂದು ಒಂದು ದಿನ ಕೇಳಿದಳು.

"ಯಾರೂ ಇಲ್ಲ."

ಲೊರೇನ್ ತನ್ನ ನಕ್ಷತ್ರ ಮುಟ್ಟಿಕೊಂಡು ಹೇಳಿದಳು. "ನನ್ನ ಮಗ ಹೋದಾಗ ಕಿಟಕಿಗೆ ನೀಲಿ ನಕ್ಷತ್ರದ ಬಾವುಟ ಹಾಕಿದ್ದೆ. ಈ ದೇಶದ ಪದ್ಧತಿ ಅದು. ಮನೆಯವರು ಮಾತ್ರ ಹಾಕೋದು. ನೀಲಿ ಅಂದರೆ ನಮ್ಮವನು ಯುದ್ಧಕ್ಕೆ ಹೋಗಿದ್ದಾನೆ ಅಂತ. ವಾಪಸ್ ಬರಲಿಲ್ಲ ಅಂದರೆ... ಅದು ಬಂಗಾರದ್ದಾಗುತ್ತೆ."

ಹಂಸಿನಿ ಅವಳ ಕೈ ಹಿಡಿದುಕೊಂಡು ಕೂತಳು.

ಅತುಲನ ಮೆಸೇಜುಗಳು ಬರುತ್ತಿದ್ದವು.

"ಇಲ್ಲಿ ಬರೀ ಧೂಳು. ನೀ ಹೆಂಗಿದ್ದೀ?"

"ಇವತ್ತ ಒಂದ ಪೆಟಗ್ಯಾಗ ಹದಿನಾಲ್ಕನೇ ನಂಬರಿನ ಚೀಟಿ ಸಿಕ್ತು. ಕಿಸೆದಾಗ ಇಟ್ಕೊಂಡೀನಿ."

"ಸಿಟ್ಟೇನು, ಹಂಸಿನಿ?"

ಒಂದೊಂದನ್ನೂ ಇಪ್ಪತ್ತು ಸಲ ಓದಿದಳು. ಅತ್ತಳು. ಉತ್ತರ ಬರೆದಳು, ಅಳಿಸಿದಳು. 'ಕಾಯಬೇಡ ಅಂದವನಿಗೆ ನನ್ನ ಸುದ್ದಿ ಯಾಕೆ?' ಎಂಬ ಒಂದು ಹಟ, ನೋಡಿ! ಏಳು ವಾರ ಅವಳು ಒಂದಕ್ಷರ ಕಳಿಸಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ, ಕ್ಯಾಂಟೀನಿನ ಟಿವಿಯಲ್ಲಿ ಸುದ್ದಿ ಬಂತು. ಸೇನೆಯ ನೆಲೆಯೊಂದರ ಮೇಲೆ ದಾಳಿ. ಸತ್ತವರಲ್ಲಿ ನ್ಯೂಜೆರ್ಸಿಯ ಸೈನಿಕರೂ ಇದ್ದಾರೆ. ಹೆಸರು ಇನ್ನೂ ಹೇಳಿಲ್ಲ.

ಹಂಸಿನಿಯ ಕೈಯಿಂದ ಊಟದ ಡಬ್ಬಿ ಬಿತ್ತು.

"ಅತುಲ್, ಹೇಗಿದ್ದೀಯಾ? ಒಂದೇ ಒಂದು ಉತ್ತರ ಕೊಡು, ಪ್ಲೀಸ್" ಎಂದು ಮೆಸೇಜ್ ಮಾಡಿದಳು. ಒಂದೇ ಟಿಕ್, ಅವನಿಗೆ ತಲುಪಿಲ್ಲ. ಶನಿವಾರ ಬೆಳಿಗ್ಗೆಯೂ ಒಂದೇ ಟಿಕ್. ಶನಿವಾರ ಸಂಜೆಯೂ! ಅಜ್ಜಿಗೆ ಫೋನ್ ಮಾಡೋಣವೆಂದರೆ ಯಾವ ಮುಖ ಇಟ್ಟುಕೊಂಡು ಮಾಡುವುದು? ಏಳು ವಾರ ಆ ಮುದುಕಿ ಬದುಕಿದೆಯಾ ಅಂತಲೂ ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ. ಕಾರು ಹತ್ತಿ ಹೊರಟಳು. ಕೆಂಡಲ್ ಪಾರ್ಕಿನ ಆ ಬೀದಿಗೆ ತಿರುಗಿ, ಮನೆಯ ಮುಂದೆ ಬ್ರೇಕ್ ಹಾಕಿ, ತಲೆ ಎತ್ತಿ ನೋಡಿದಳು.

ಕಿಟಕಿಯಲ್ಲಿ ಒಂದು ಬಾವುಟ ಇತ್ತು. ಕೆಂಪು ಅಂಚು, ಬಿಳಿಯ ಬಟ್ಟೆ. ನಡುವೆ ನಕ್ಷತ್ರ.

ಬಂಗಾರದ ನಕ್ಷತ್ರ!

"ಇಲ್ಲ... ಇಲ್ಲ... ಇಲ್ಲ..."

ಕಾರಿನ ಬಾಗಿಲು ತೆಗೆದದ್ದು, ಹುಲ್ಲು ದಾಟಿ ಓಡಿದ್ದು ಒಂದೂ ಅವಳಿಗೆ ನೆನಪಿಲ್ಲ. ಮೆಟ್ಟಿಲ ತುಂಬ ಹೂಗುಚ್ಛಗಳು, ಮೊಂಬತ್ತಿಗಳು, ಮುಚ್ಚಿಟ್ಟ ಊಟದ ಪಾತ್ರೆಗಳು. ಅವುಗಳ ನಡುವೆಯೇ ಕುಸಿದು ಕೂತು ಬಾಗಿಲು ಬಡಿದಳು.

ಬಾಗಿಲು ತೆರೆಯಿತು. ಕಾಶಿಬಾಯಿ ಅಜ್ಜಿ ನಿಂತಿದ್ದರು. ಇಳಕಲ್ ಸೀರೆ, ಕೈತುಂಬ ಹಿಟ್ಟು.

"ಅಜ್ಜೀ..." ಹಂಸಿನಿ ಅವರ ಕಾಲು ಹಿಡಿದುಕೊಂಡಳು. "ನಾನು ಪಾಪಿ ಅಜ್ಜಿ! ಒಂದ್ ಉತ್ತರ ಕೊಡಲಿಲ್ಲ ಅವನಿಗೆ... ಅಷ್ಟು ಮೆಸೇಜ್ ಮಾಡಿದ. ನಂಗೆ ಅವನೆಂದ್ರೆ ಪ್ರಾಣ. ಅದನ್ನ ಒಂದ್ಸಲಾನೂ ಹೇಳಲಿಲ್ಲ. ಇನ್ನು ಯಾರಿಗೆ ಹೇಳಲಿ?"

ಅಜ್ಜಿಯ ಮುಖದ ಬಣ್ಣ ಇಳಿಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಏನಾತು? ನಮ್ಮ ಅತುಲಗ ಏನಾತು? ಹೇಳವಾ! ಮುಂಜಾನೆ ಛಂದಾಗೇ ಮಾತಾಡಿದ್ನಲ್ಲಾ!"

ಹಂಸಿನಿ ತಟ್ಟನೆ ತಲೆ ಎತ್ತಿದಳು.

"ಮುಂಜಾನೆ... ಅಂದ್ರೆ ಇವತ್ತಾ?"

"ಇವತ್ತ! ಅಂವನ ಫೋನು ಬಂದ್ ಅದಂತ, ಅಲ್ಲಿ ಯಾವುದೋ ನಂಬರಿಂದ ಮಾಡಿದ್ದ. ನಾ ಆರಾಮ ಇದ್ದೀನಿ, ಸಂಜಿಗೆ ಮತ್ತ ಮಾಡ್ತೀನಿ ಅಂದ. ಆಮ್ಯಾಲೆ ಏನರ ಆತೇನು? ಲಗೂನ ಹೇಳ!"

"ಬದುಕಿದ್ದಾನಾ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಅಜ್ಜಿ, ಅವನು ಬದುಕಿದ್ದಾನಾ?"

"ಹುಚ್ಚಿ! ಬಿಡ್ತು ಅನ್ನು! ನೂರು ವರ್ಷ ಇರ್ತಾನ ಅಂವಾ!"

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಾಗಿಲಲ್ಲೇ ಅತ್ತರು. ಯಾಕೆ ಅಳುತ್ತಿದ್ದೇನೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಹಂಸಿನಿಗೆ ಗೊತ್ತಿತ್ತು, ಅದಕ್ಕೇ ನಿಲ್ಲಿಸಲಾಗಲಿಲ್ಲ.

"ಹಾಗಾದ್ರೆ ಕಿಟಕಿಯಲ್ಲಿ... ಆ ಬಂಗಾರದ ನಕ್ಷತ್ರ?" ಎಂದಳು ಕೊನೆಗೆ, ಮೂಗು ಒರೆಸಿಕೊಂಡು.

ಅಜ್ಜಿಯ ಮುಖ ಅರಳಿತು.

"ನೋಡಿದೇನು? ನಾನೇ ಹೊಲದೀನಿ! ಹೋದ ಸಲ ಅಂವಾ ಹೋದಾಗ ಸೈನ್ಯದವರು ಕೊಟ್ಟಿದ್ರಾಗ ನೀಲಿ ಚಿಕ್ಕಿ ಇತ್ತವಾ, ಬಿಸಿಲಿಗೆ ಬಣ್ಣ ಹೋಗಿ ಬೂದಿ ಆಗಿತ್ತು. ಇಂಥಾದ್ದು ನನ್ನ ಮೊಮ್ಮಗನ ಹೆಸರಿಲೆ ಹಾಕಬೇಕೇನು? ನನ್ನ ಮದುವಿ ಸೀರಿ ಸೆರಗಿನ ಜರಿ ಕತ್ತರಿಸಿ ಬಂಗಾರದ ಚಿಕ್ಕಿ ಹಚ್ಚಿದೆ. ಮೊನ್ನೆ ಗುರುವಾರ, ದಿನಾನೂ ಛಲೋ ಇತ್ತು."

ಹಂಸಿನಿ ಬಾಯಿಗೆ ಕೈ ಹಿಡಿದಳು.

"ಮತ್ತ ಏನ ಹೇಳ್ಲಿ, ಈ ಓಣಿ ಮಂದಿ ಭಾಳ ಛಲೋ" ಎಂದು ಅಜ್ಜಿ ಮುಂದುವರಿಸಿದರು. "ಎರಡ ದಿನದಿಂದ ಹೂವೇನು, ಊಟೇನು! ಬಂದವರೆಲ್ಲಾ ನನ್ನ ಅಪ್ಪಿಕೊಂಡು ಅತ್ತ ಹೊಂಟಾರ. ನನ್ನ ಕಸೂತಿ ನೋಡಿ ಇಷ್ಟು ಖುಷಿ ಆಗ್ಯಾರ ಅಂತ, ನಾನೂ ಎಲ್ಲಾರಿಗೂ ಥ್ಯಾಂಕ್ಯೂ ಥ್ಯಾಂಕ್ಯೂ ಅಂದೆ."

ಹಂಸಿನಿಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಹಿಡಿದುಕೊಂಡು, ಲೊರೇನ್ ಹೇಳಿದ್ದನ್ನೆಲ್ಲ ಮೆಲ್ಲಗೆ ಹೇಳಿದಳು.

"ಶಿವಶಿವಾ!" ಅಜ್ಜಿ ಎರಡೂ ಕೆನ್ನೆಗೆ ಹೊಡೆದುಕೊಂಡರು. "ಬಂಗಾರಂದ್ರ ಶುಭ ಅಲ್ಲೇನ ನಮ್ಮಲ್ಲಿ? ಮಗಾ ಹುಟ್ಟಿದ್ರ ಬಂಗಾರ, ಮದುವಿಗೆ ಬಂಗಾರ... ಇವರಿಗೆ ಸಾವಿಗೆ ಬಂಗಾರೇನು? ತಗೀ ಅದನ್ನ! ಮದಲ ತಗೀ!"

ಹಂಸಿನಿ ಬಾವುಟ ಇಳಿಸಿದಳು. ಹೊಲಿಗೆ ಬಿಚ್ಚಿದ್ದೂ ಅವಳೇ. ಟ್ರಂಕಿನಿಂದ ಗಾಢ ನೀಲಿಯ ರವಿಕೆ ಖಣದ ತುಂಡು ಬಂತು. ಅಜ್ಜಿ ಹೇಳಿಕೊಟ್ಟ ಹಾಗೆ ಕತ್ತರಿಸಿ, ಐದು ಮೂಲೆಯನ್ನೂ ಮಡಿಚಿ, ಒಂದೊಂದೇ ಹೊಲಿಗೆ ಹಾಕಿದಳು. ಎರಡು ಸಲ ಬೆರಳು ಚುಚ್ಚಿಕೊಂಡಳು.

"ಅಜ್ಜಿ, ನಂಗೆ ಕಾಯಬೇಡ ಅಂದ ಅವನು" ಎಂದಳು ಹೊಲಿಯುತ್ತಲೇ.

"ಅಂದಿದ್ದು ನನಗೂ ಹೇಳ್ಯಾನ. ಹೇಳಿ, ಈ ಕುರ್ಚ್ಯಾಗ ಕೂತು ಸಣ್ಣ ಹುಡುಗನ್ಹಂಗ ಅತ್ತಾನ. ಯಾಕಂದೆಪಾ ಅಂದ್ರ ಬಾಯಿ ಬಿಡಲಿಲ್ಲ. ನೀನೇ ಕೇಳು."

ಸಂಜೆ ಐದೂವರೆಗೆ ಫೋನ್ ಬಂತು. ಅಜ್ಜಿ ಎತ್ತಿ, ಅವನು "ಹಲೋ" ಅನ್ನುವ ಮುಂಚೆಯೇ, "ಇಲ್ಲೊಬ್ಬಾಕಿ ನಿನ್ನ ಸಲುವಾಗಿ ಅತ್ತ ಅತ್ತ ಕಣ್ಣ ಬಾವು ಮಾಡ್ಕೊಂಡಾಳ. ಮಾತಾಡು!" ಎಂದು ಹಂಸಿನಿಯ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟರು.

"ಹಂಸಿನಿ?" ದೂರದಿಂದ ಬಂದ ದನಿ.

ಅವಳು ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

"ಹಂಸಿನಿ, ನೀನೇನು? ಏನರ ಅನ್ನು. ನನಗ ಐದ ನಿಮಿಷ ಅದ, ಅಷ್ಟ."

"ಯಾಕೆ ಕಾಯಬೇಡ ಅಂದೆ?" ಎಂದಳು ಒಮ್ಮೆಲೇ. "ಮೊದಲು ಅದನ್ನ ಹೇಳು. ನಾನು ಬೇಡ ಅಂತನಾ?"

"ಹೋದ ಸಲ ನನ್ನ ಜೊತಿಗಿದ್ದಾಂವ ಒಬ್ಬ ತಿರುಗಿ ಬರಲಿಲ್ಲ" ಎಂದ ಅತುಲ್. "ಅವನ ಹುಡಿಗಿನ್ನ ನೋಡಲಿಕ್ಕೆ ಹೋಗಿದ್ದೆ. ಬಾಗಿಲಾ ತಗದು ನನ್ನ ನೋಡಿದ್ಲು... ಆ ಮಾರಿ ನನಗ ಇನ್ನೂ ಮರ್ತಿಲ್ಲ. ನಿನ್ನ ಮಾರಿ ಹಂಗ ಆಗಬಾರದು ಅನ್ನಿಸ್ತು. ನೀ ಬ್ಯಾಡ ಅಂತ ಅಲ್ಲ... ನೀ ಭಾಳ ಬೇಕಾಗಿದ್ದಿ."

ಹಂಸಿನಿಯ ಕಣ್ಣಲ್ಲಿ ಮತ್ತೆ ಕೊಳಾಯಿ ತಿರುಗಿತು. ಕೋಪವೂ ಬಂತು.

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರೋ? ಇವತ್ತು ನಾನು ನಿನ್ನ ಮನೆ ಬಾಗಿಲಲ್ಲಿ ಬಿದ್ದು ಅತ್ತಿದೀನಿ, ನೀನು ಹೋಗಿಬಿಟ್ಟೆ ಅಂತ! ಕಾಯಲಿಲ್ಲ ಅಂದ್ರೆ ನೋವಾಗಲ್ಲ ಅಂದ್ಕೊಂಡಿದ್ಯಾ? ಹೇಳದೇ ಉಳಿದದ್ದೇ ಜಾಸ್ತಿ ನೋವು, ಅತುಲ್. ಅದು ನಂಗೆ ಇನ್ನೊಂದ್ಸಲ ಬೇಡ."

"ಸ್ವಾರಿ..." ಅವನ ದನಿ ಒಡೆಯಿತು. "ನನ್ನದ ತಪ್ಪಾತು."

"ನಂದೂ ತಪ್ಪೇ. ಏಳು ವಾರ ನಿನ್ನ ಸತಾಯಿಸಿದೆ."

"ನಾಲ್ಕ ನಿಮಿಷ ಆತು, ಹಂಸಿನಿ."

ಮಡಿಲಲ್ಲಿ ಹೊಲಿದು ಮುಗಿದ ಬಾವುಟ ಇತ್ತು. ಅಜ್ಜಿಯ ಖಣದಲ್ಲಿ ಇನ್ನೊಂದು ನಕ್ಷತ್ರಕ್ಕೆ ಆಗುವಷ್ಟು ಬಟ್ಟೆ ಉಳಿದಿತ್ತು. ಅದನ್ನು ಬೆರಳಲ್ಲಿ ಸುತ್ತಿಕೊಂಡು, ಉಸಿರು ತೆಗೆದುಕೊಂಡಳು.

"ಅತುಲ್, ನನ್ನ ಅಪಾರ್ಟ್‌ಮೆಂಟಿನ ಕಿಟಕಿಗೂ ಒಂದು ನೀಲಿ ನಕ್ಷತ್ರ ಹಾಕ್ಕೊಳ್ಲಾ?"

"ಅದನ್ನ... ಮನಿಯವರಷ್ಟ ಹಾಕ್ತಾರ, ಹಂಸಿನಿ."

"ಗೊತ್ತು."

"ಗೊತ್ತಿದ್ದೂ ಕೇಳ್ತೀಯೇನು?"

"ಗೊತ್ತಿರೋದಕ್ಕೇ ಕೇಳ್ತಿದೀನಿ."

ಅತುಲ್ ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು.

"ಹಾಕು" ಎಂದ. "ಎಲ್ಲಾರಿಗೂ ಕಾಣೂಹಂಗ ಹಾಕು."

"ಹಾಕೋದು ನಾನು. ತೆಗೆಯೋಕೆ ಮಾತ್ರ ನೀನೇ ಬರಬೇಕು."

"ಬರ್ತೀನಿ. ಅಲ್ಲೀತನಕ... ಕಾಯ್ತೀಯೇನು?"

"ಕಾಯ್ತೀನಿ ಕಣೋ."